ಒಂದೇ ಶಾಲೆ, ಎರಡು ಪಕ್ಷ

ಕರ್ನಾಟಕದ ಪ್ರೌಢಶಾಲೆಗಳಿಗೆ ಬರುವ ಅಂತರಶಾಲಾ ಚರ್ಚಾಸ್ಪರ್ಧೆಯ ಆಹ್ವಾನ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ನಿಯಮ ಇರುತ್ತದೆ. ಪ್ರತಿ ಶಾಲೆಯಿಂದ ಇಬ್ಬರು ವಿದ್ಯಾರ್ಥಿಗಳು ಭಾಗವಹಿಸಬಹುದು. ಒಬ್ಬರು ವಿಷಯದ ಪರವಾಗಿ, ಇನ್ನೊಬ್ಬರು ವಿರೋಧವಾಗಿ ಮಾತನಾಡತಕ್ಕದ್ದು. ಇಬ್ಬರ ಅಂಕಗಳನ್ನೂ ಕೂಡಿಸಿ, ಹೆಚ್ಚು ಬಂದ ಶಾಲೆಗೆ ಪರ್ಯಾಯ ಪಾರಿತೋಷಕ. ಕಬಡ್ಡಿ ತಂಡದ ಏಳು ಮಂದಿ ಒಂದೇ ಅಂಕಣದಲ್ಲಿ ನಿಂತು ಎದುರಿನವರನ್ನು ಹಿಡಿಯುತ್ತಾರೆ. ಚರ್ಚೆಯ ತಂಡದ ಇಬ್ಬರು ಮಾತ್ರ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಡಬ್ಬಿಯ ಬುತ್ತಿ ಹಂಚಿಕೊಂಡು, ವೇದಿಕೆ ಹತ್ತಿದ ಮೇಲೆ ಒಬ್ಬರ ಮಾತನ್ನೊಬ್ಬರು ಕಡಿದುಹಾಕಬೇಕು. ಚೆನ್ನಾಗಿ ಕಡಿದುಹಾಕಿದಷ್ಟೂ ಇಬ್ಬರ ಶಾಲೆಗೂ ಲಾಭ.

ಈ ಏರ್ಪಾಡನ್ನು ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ, ಅಷ್ಟು ರೂಢಿಯಾಗಿಬಿಟ್ಟಿದೆ. ಆದರೆ ಅದರೊಳಗೆ ಒಂದು ಹಳೆಯ ಪ್ರಶ್ನೆಯೂ ಒಂದು ಹೊಸ ಪ್ರಶ್ನೆಯೂ ಅಡಗಿವೆ. ತಾನು ಒಪ್ಪದ ಪಕ್ಷವನ್ನು ಎತ್ತಿಹಿಡಿದು ಮಾತನಾಡುವುದು ಸುಳ್ಳು ಹೇಳಿದಂತಾಗುವುದಿಲ್ಲವೆ ಎಂಬುದು ಹಳೆಯದು. ಎಸ್ಸೆಸ್ಸೆಲ್ಸಿ ತಲೆಯ ಮೇಲೆ ಕುಳಿತಿರುವಾಗ ಇದಕ್ಕೆಲ್ಲ ಪುರಸೊತ್ತು ಎಲ್ಲಿದೆ ಎಂಬುದು ಹೊಸದು. ಮೊದಲನೆಯದನ್ನು ತಾರ್ಕಿಕರು ಕೇಳಿದರು. ಎರಡನೆಯದನ್ನು ಅಪ್ಪ ಅಮ್ಮಂದಿರು ಕೇಳುತ್ತಾರೆ.

ಆಯ್ಕೆ ಎಂಬ ಮೊದಲ ಸುತ್ತು

ತಂಡಕ್ಕೆ ಸೇರುವುದು ಎಂಬ ಮಾತನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ನಮ್ಮ ಬಹುಪಾಲು ಶಾಲೆಗಳಲ್ಲಿ ಯಾರೂ ತಾವಾಗಿ ಸೇರುವುದಿಲ್ಲ. ಮೇಷ್ಟ್ರು ಹೆಸರು ಹಾಕುತ್ತಾರೆ. ಪತ್ರ ಕೈಸೇರುವುದು ಸ್ಪರ್ಧೆಗೆ ಮೂರೋ ನಾಲ್ಕೋ ದಿನ ಉಳಿದಿರುವಾಗ. ಮುಖ್ಯೋಪಾಧ್ಯಾಯರು ಅದನ್ನು ಕನ್ನಡ ಪಂಡಿತರ ಮೇಜಿಗೆ ದಾಟಿಸುತ್ತಾರೆ. ಅವರ ಕಣ್ಣು ನೇರವಾಗಿ ಹೋಗುವುದು ಬೆಳಗಿನ ಪ್ರಾರ್ಥನೆಯ ವೇಳೆ ದಿನಪತ್ರಿಕೆ ಓದುವ ಹುಡುಗಿಯ ಕಡೆಗೆ, ಆಗಸ್ಟ್ 15ರಂದು ಧ್ವಜದ ಕೆಳಗೆ ನಿಂತು ಭಾಷಣ ಮಾಡಿದ ಹುಡುಗನ ಕಡೆಗೆ. ಮಾತು ಬಲ್ಲವರಿಗೇ ಮತ್ತೆ ಮಾತು ಸಿಗುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು ಪ್ರತಿಯೊಂದಕ್ಕೂ ‘ಅದು ಹೆಂಗೆ ಸಾರ್?’ ಎಂದು ಕೇಳುವವನ ಹೆಸರು ಪಟ್ಟಿಗೆ ಬರುವುದು ಅಪರೂಪ. ಅವನಿಗೆ ತಲೆಹರಟೆ ಎಂಬ ಬಿರುದು ಮೊದಲೇ ಸಿಕ್ಕಿರುತ್ತದೆ.

ಮುಂದಿನ ಕೆಲಸ ಬರವಣಿಗೆ. ಮೂರು ದಿನದಲ್ಲಿ ಹದಿನಾಲ್ಕರ ಮಕ್ಕಳು ಓದಿ, ಯೋಚಿಸಿ, ತಾವೇ ಬರೆಯುವುದು ಆಗದ ಮಾತೆಂದು ಮೇಷ್ಟ್ರೇ ಎರಡೆರಡು ಪುಟ ಬರೆದುಕೊಡುತ್ತಾರೆ. ಪರ ಪಕ್ಷವನ್ನೂ ಅವರೇ ಬರೆಯುತ್ತಾರೆ, ವಿರೋಧ ಪಕ್ಷವನ್ನೂ ಅವರೇ ಬರೆಯುತ್ತಾರೆ. ಹೀಗಾಗಿ ನಿಜವಾದ ಚರ್ಚೆ ಯಾವುದಾದರೂ ನಡೆದಿದ್ದರೆ ಅದು ಹಿಂದಿನ ರಾತ್ರಿ ಮೇಷ್ಟ್ರ ಮನೆಯ ಮೇಜಿನ ಮೇಲೆ ನಡೆದು ಮುಗಿದಿರುತ್ತದೆ. ಮಕ್ಕಳ ಪಾಲಿಗೆ ಉಳಿಯುವುದು ಬಾಯಿಪಾಠ.

ಬಾಯಿಪಾಠದ ಫಲ ವೇದಿಕೆಯ ಮೇಲೆ ಗೊತ್ತಾಗುತ್ತದೆ. ಮಾನ್ಯ ಅಧ್ಯಕ್ಷರಿಗೆ, ನಿಷ್ಪಕ್ಷಪಾತ ತೀರ್ಪುಗಾರರಿಗೆ, ಗುರುವೃಂದಕ್ಕೆ, ನೆಚ್ಚಿನ ಸ್ನೇಹಿತರಿಗೆ ವಂದನೆ ಸಲ್ಲಿಸುವ ತನಕ ಎಲ್ಲರ ಧ್ವನಿಯೂ ಗಟ್ಟಿ. ಆಮೇಲೆ ಎಲ್ಲೋ ಮೂರನೆಯ ವಾಕ್ಯವೃಂದದ ಹೊತ್ತಿಗೆ ಒಂದು ಪದ ಕೈಕೊಡುತ್ತದೆ. ಹುಡುಗ ಮೇಲೆ ಸೂರು ನೋಡುತ್ತಾನೆ, ಕೆಳಗೆ ಮೇಷ್ಟ್ರನ್ನು ನೋಡುತ್ತಾನೆ, ಮತ್ತೆ ‘ಮಾನ್ಯ ಅಧ್ಯಕ್ಷರೇ’ ಎಂದು ಮೊದಲಿನಿಂದ ಶುರುಮಾಡುತ್ತಾನೆ. ಸಭೆಯಲ್ಲಿ ನಗೆ. ಎಚ್ಚರಿಕೆಯ ಗಂಟೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕುಳಿತವರಿಗೆಲ್ಲ ಈ ದೃಶ್ಯ ಪರಿಚಿತ.

ಇದಕ್ಕಿಂತಲೂ ತಮಾಷೆಯ ಸಂಗತಿ ಇನ್ನೊಂದಿದೆ. ವಿರೋಧ ಪಕ್ಷದ ಲಿಖಿತ ಭಾಷಣದಲ್ಲಿ ‘ನನ್ನ ಎದುರಾಳಿಗಳು ಈಗತಾನೇ ಹೇಳಿದಂತೆ’ ಎಂಬ ವಾಕ್ಯ ಇದ್ದೇ ಇರುತ್ತದೆ. ಎದುರಾಳಿಗಳು ಏನು ಹೇಳುತ್ತಾರೆಂಬುದು ಹಿಂದಿನ ದಿನವೇ ಬರೆದವರಿಗೆ ಹೇಗೆ ತಿಳಿಯಬೇಕು? ಅವರು ಹೇಳದೇ ಇದ್ದರೂ ಆ ಮಾತಿನ ಖಂಡನೆಯಾಗುತ್ತದೆ. ಅವರು ನಿಜಕ್ಕೂ ಹೇಳಿದ್ದು ಖಂಡನೆಯಿಲ್ಲದೆ ಉಳಿಯುತ್ತದೆ. ಕೇಳಿಸಿಕೊಳ್ಳುವುದನ್ನು ಕಲಿಸಬೇಕಾದ ಸ್ಪರ್ಧೆ ಹೀಗೆ ಕೇಳಿಸಿಕೊಳ್ಳದೆಯೇ ಗೆಲ್ಲುವುದನ್ನು ಕಲಿಸಿಬಿಡುತ್ತದೆ.

ನಾಲಿಗೆಯ ತೊಡಕು

ಬಾಯಿಪಾಠಕ್ಕಿಂತ ಆಳದಲ್ಲಿ ಕುಳಿತಿರುವ ತೊಡಕು ನಾಲಿಗೆಯದು. ವೇದಿಕೆಯ ಕನ್ನಡ ಯಾರ ಮನೆಯ ಕನ್ನಡವೂ ಅಲ್ಲ. ಕಲಬುರ್ಗಿಯ ಹುಡುಗಿ, ಚಾಮರಾಜನಗರದ ಹುಡುಗ, ಕುಂದಾಪುರದ ಇನ್ನೊಬ್ಬ ತಂತಮ್ಮ ಊರಿನಲ್ಲಿ ಮೂವರೂ ಮಾತಿಗೆ ಸೋಲುವವರಲ್ಲ. ಸಂತೆಯಲ್ಲಿ ಬೆಲೆ ಕಟ್ಟುವಾಗ, ನೀರಿನ ಸರದಿಯಲ್ಲಿ ಕೊಡ ಇಟ್ಟು ಜಗಳವಾಡುವಾಗ ಅವರ ವಾದಕ್ಕೆ ಎದುರಿಲ್ಲ. ಆದರೆ ಅದೇ ವಾದವನ್ನು ಪುಸ್ತಕದ ಕನ್ನಡದಲ್ಲಿ ಹೇಳು ಎಂದಾಗ ಅರ್ಧ ಶಕ್ತಿ ಅನುವಾದಕ್ಕೇ ಹೋಗುತ್ತದೆ. ಹಕಾರದ ಕಡೆ ಅಕಾರ, ಶಕಾರದ ಕಡೆ ಸಕಾರ ಬಂತೆಂದರೆ ಮುಂದಿನ ಸಾಲಿನಲ್ಲಿ ಕುಳಿತವರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅಂಕಪಟ್ಟಿಯಲ್ಲಿ ‘ಭಾಷೆ ಮತ್ತು ಉಚ್ಚಾರಣೆ’ ಎಂಬ ಕಾಲಂ ಇರುವುದರಿಂದ ಆ ನಗೆಗೆ ಅಂಕದ ಬೆಲೆಯೂ ಇದೆ. ಅಚ್ಚುಕಟ್ಟಾದ ಉಚ್ಚಾರಣೆಯ ಪೊಳ್ಳು ಮಾತು ಮೊದಲ ಬಹುಮಾನ ತೆಗೆದುಕೊಂಡು ಹೋಗುವುದು, ಒರಟು ನಾಲಿಗೆಯ ಗಟ್ಟಿ ವಾದ ಸಮಾಧಾನಕರ ಬಹುಮಾನಕ್ಕೆ ನಿಲ್ಲುವುದು ಹೊಸತೇನಲ್ಲ.

ಹೆಣ್ಣುಮಕ್ಕಳಿಗೆ ಇದರ ಮೇಲೊಂದು ಲೆಕ್ಕ. ಸ್ಪರ್ಧೆ ತಾಲ್ಲೂಕು ಕೇಂದ್ರದಲ್ಲಿ. ಬಹುಮಾನ ವಿತರಣೆ ಮುಗಿಯುವಾಗ ಸಂಜೆ. ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ಜೊತೆಗೆ ಯಾರು ಹೋಗುತ್ತಾರೆ ಎಂಬುದು ಇತ್ಯರ್ಥವಾಗದೆ ಹೆಸರು ಕೊಡುವಂತಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನ ಸಭೆಯಲ್ಲಿ ಗಾರ್ಗಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾ ಹೋದಾಗ, ಇನ್ನು ಕೇಳಬೇಡ, ತಲೆ ಉರುಳೀತು ಎಂದು ಯಾಜ್ಞವಲ್ಕ್ಯ ಎಚ್ಚರಿಸುತ್ತಾನೆ. ಗಾರ್ಗಿ ಸುಮ್ಮನಾದಳು ಎಂದು ಅಲ್ಲಿಗೇ ನಿಲ್ಲಿಸುವವರುಂಟು. ಉಪನಿಷತ್ತಿನಲ್ಲಿ ಅವಳು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎದ್ದುನಿಂತು ಇನ್ನೂ ಎರಡು ಪ್ರಶ್ನೆ ಕೇಳುತ್ತಾಳೆ.

ಅಪ್ರತಿಭೆಯ ಶಾಸ್ತ್ರ

ವಾದವನ್ನು ಪಾಠವಾಗಿ ಕಲಿಸುವ ಪದ್ಧತಿ ಈ ನೆಲಕ್ಕೆ ಇಂಗ್ಲಿಷ್ ಶಾಲೆಗಳ ಜೊತೆ ಬಂದದ್ದಲ್ಲ. ಗೌತಮನ ನ್ಯಾಯಸೂತ್ರ ಮಾತಿನ ಸ್ಪರ್ಧೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಸತ್ಯವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಹೇಗಾದರೂ ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡವುವುದಷ್ಟೇ ಗುರಿಯಾದರೆ ಅದು ವಿತಂಡ. ಕೊನೆಯ ಶಬ್ದ ಮಾತ್ರ ಕನ್ನಡದ ದಿನಬಳಕೆಗೆ ಬಂದು ಬೈಗುಳವಾಗಿ ನೆಲೆನಿಂತಿತು. ಜಲ್ಪ ಎಂಬುದನ್ನು ಎಲ್ಲರೂ ಮರೆತರು. ಶಾಲೆಯ ಚರ್ಚಾಸ್ಪರ್ಧೆಗೆ ಸರಿಯಾದ ಹೆಸರು ಅದೇ ಎನ್ನಬೇಕು.

ಮೋಸದ ಮಾತಿಗೆ ಆ ಶಾಸ್ತ್ರ ‘ಛಲ’ ಎನ್ನುತ್ತದೆ. ಅದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆ ಒಬ್ಬ ಹುಡುಗನದೇ. ‘ಈ ಹುಡುಗ ನವಕಂಬಳ ಉಳ್ಳವನು’ ಎಂದು ಒಬ್ಬ ಹೇಳುತ್ತಾನೆ, ಹೊಸ ಕಂಬಳಿ ಎಂಬರ್ಥದಲ್ಲಿ. ಎದುರಾಳಿ ‘ಒಂಬತ್ತು ಕಂಬಳಿ ಎಲ್ಲಿವೆ? ಇರುವುದು ಒಂದೇ!’ ಎಂದು ಎಗರಿಬೀಳುತ್ತಾನೆ. ನವ ಎಂದರೆ ಹೊಸತೂ ಹೌದು, ಒಂಬತ್ತೂ ಹೌದು. ಇವತ್ತಿಗೂ ಅಂತರಶಾಲಾ ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಖಂಡನೆಗಳಲ್ಲಿ ಇಂಥ ಒಂಬತ್ತು ಕಂಬಳಿಗಳು ಬೇಕಾದಷ್ಟಿವೆ.

ಇನ್ನೂ ಸ್ವಾರಸ್ಯಕರವಾದದ್ದು ನಿಗ್ರಹಸ್ಥಾನಗಳ ಪಟ್ಟಿ, ಅಂದರೆ ವಾದಿ ಸೋತನೆಂದು ಘೋಷಿಸಬಹುದಾದ ಸಂದರ್ಭಗಳು. ಒಟ್ಟು 22. ಹೇಳಿದ್ದನ್ನೇ ಸುಮ್ಮನೆ ಮತ್ತೆ ಹೇಳುವುದು ಪುನರುಕ್ತ. ಉತ್ತರವೇ ಹೊಳೆಯದೆ ನಿಲ್ಲುವುದು ಅಪ್ರತಿಭಾ. ತನಗೆ ಬೇರೆ ಕೆಲಸವಿದೆ ಎಂದು ನೆಪ ಹೇಳಿ ಸಭೆಯಿಂದ ಜಾರಿಕೊಳ್ಳುವುದು ವಿಕ್ಷೇಪ. ಇವುಗಳ ನಡುವೆ ಅನನುಭಾಷಣ ಎಂಬುದೊಂದಿದೆ: ಎದುರಾಳಿ ಮೂರು ಸಲ ಹೇಳಿ, ಸಭೆಗೂ ಅರ್ಥವಾದ ಮೇಲೆ, ಆ ಮಾತನ್ನು ತಾನು ತಿರುಗಿ ಹೇಳಲಾಗದಿದ್ದರೆ ಸೋತಂತೆ. ಎದುರಿನವರ ವಾದವನ್ನು ಮೊದಲು ಸರಿಯಾಗಿ ಒಪ್ಪಿಸಬೇಕು, ಖಂಡನೆ ಆಮೇಲೆ. ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲ ಎಂಬ ಶಿಸ್ತು ಇದು. ಶಾಲೆಗಳ ಅಂಕಪಟ್ಟಿಯಲ್ಲಿ ಹಾವಭಾವಕ್ಕೂ ಒಂದು ಕಾಲಂ ಇರುತ್ತದೆ, ಅನುಭಾಷಣಕ್ಕೆ ಇರುವುದಿಲ್ಲ.

ಆಯುರ್ವೇದದ ವಿದ್ಯಾರ್ಥಿಗಳಿಗೂ ಈ ಶಿಕ್ಷಣ ಇತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಸ್ನೇಹದಿಂದ ನಡೆಸುವ ಸಂಧಾಯ ಸಂಭಾಷೆ, ಹಗೆಯಿಂದ ನಡೆಯುವ ವಿಗೃಹ್ಯ ಸಂಭಾಷೆ ಎಂದು ಎರಡು ವಿಧಗಳನ್ನು ಹೇಳಿ, ಯಾರೊಡನೆ ವಾದಕ್ಕಿಳಿಯಬೇಕು, ಯಾರೊಡನೆ ಕೂಡದು ಎಂಬುದನ್ನೂ ವಿವರಿಸಲಾಗಿದೆ. ಕರ್ನಾಟಕದಲ್ಲಂತೂ ವಾದ ಎಂಬುದು ಬಿರುದಾವಳಿಯ ಭಾಗವಾಗಿತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ ಜೈನ ಗುರುಪರಂಪರೆಯನ್ನು ಹೇಳುತ್ತಾ ಯಾರು ಯಾರನ್ನು ಯಾವ ಸಭೆಯಲ್ಲಿ ಸೋಲಿಸಿದರೆಂದು ವಿವರಿಸುತ್ತದೆ. ಆಚಾರ್ಯ ಸಮಂತಭದ್ರರು ಪಾಟಲಿಪುತ್ರದಿಂದ ಕಂಚಿಯವರೆಗೆ ಊರೂರಿನಲ್ಲಿ ಭೇರಿ ಬಾರಿಸಿ ವಾದಕ್ಕೆ ಕರೆದರು ಎಂಬ ಮಾತು ಅದರಲ್ಲಿದೆ. ವಾದಿರಾಜ, ವಾದಿಗಳೆಂಬ ಆನೆಗಳಿಗೆ ಸಿಂಹನಾದ ವಾದೀಭಸಿಂಹ ಎಂಬ ಹೆಸರುಗಳೇ ಆ ಕಾಲದ ರುಚಿಯನ್ನು ಹೇಳುತ್ತವೆ. ಶಂಕರರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ಮಂಡನರ ಪತ್ನಿ ಉಭಯಭಾರತಿಯೇ ತೀರ್ಪುಗಾರ್ತಿಯಾಗಿದ್ದಳೆಂದೂ, ಯಾರ ಕೊರಳ ಹಾರ ಮೊದಲು ಬಾಡುವುದೋ ಅವರು ಸೋತಂತೆ ಎಂದು ಗೊತ್ತುಮಾಡಿದಳೆಂದೂ ಶಂಕರವಿಜಯದ ಕಥೆ. ಸಿಟ್ಟಿಗೆದ್ದವನ ಮೈ ಕಾವಿಗೆ ಹೂ ಬೇಗ ಬಾಡುತ್ತದೆ ಎಂದು ಅದಕ್ಕೆ ಅರ್ಥ ಹೇಳುವವರಿದ್ದಾರೆ. ಹಾಗಾದರೆ ಅದೊಂದು ಒಳ್ಳೆಯ ಅಂಕಪಟ್ಟಿಯೇ ಸರಿ.

ಈ ಪರಂಪರೆ ಎಷ್ಟೇ ಹಿರಿದಾದರೂ ಒಳಗೆ ಬರಲು ಸಿಗುತ್ತಿದ್ದವರು ಕೆಲವರೇ ಎಂಬುದನ್ನು ಮರೆಯುವಂತಿಲ್ಲ. ಸಂಸ್ಕೃತ ಬಲ್ಲವರ, ಅದರಲ್ಲೂ ಗಂಡಸರ ಸಭೆಗಳೇ ಅದರಲ್ಲಿ ಹೆಚ್ಚು. ಈಗಿನ ಶಾಲಾ ಸ್ಪರ್ಧೆಯ ಚೌಕಟ್ಟಾದರೋ ಇಂಗ್ಲೆಂಡಿನಿಂದ ಬಂದದ್ದು. ಕೇಂಬ್ರಿಜ್‌ನಲ್ಲಿ 1815ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ 1823ರಲ್ಲಿ ಹುಟ್ಟಿದ ವಿದ್ಯಾರ್ಥಿ ಚರ್ಚಾಕೂಟಗಳು ಪಾರ್ಲಿಮೆಂಟನ್ನು ಅನುಕರಿಸಿದವು. ‘ಈ ಸದನದ ಅಭಿಪ್ರಾಯದಲ್ಲಿ’ ಎಂದು ನಮ್ಮ ಮಕ್ಕಳು ಇಂದಿಗೂ ಹೇಳುವ ‘ಸದನ’ ಅಲ್ಲಿಯದು. ಕಲ್ಕತ್ತೆಯಲ್ಲಿ ಹಿಂದೂ ಕಾಲೇಜಿನ ತರುಣ ಅಧ್ಯಾಪಕ ಡೆರೋಜಿಯೋ 1828ರಲ್ಲಿ ಇಂಥ ಕೂಟ ಕಟ್ಟಿದ. ವಿದ್ಯಾರ್ಥಿಗಳು ಜಾತಿ, ದೇವರು ಎಲ್ಲವನ್ನೂ ಪ್ರಶ್ನಿಸತೊಡಗಿದ್ದರಿಂದ ಪೋಷಕರು ಕೆರಳಿ, 1831ರಲ್ಲಿ ಅವನು ಕೆಲಸ ಬಿಡಬೇಕಾಯಿತು. ಮುಂಬಯಿಯಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಲಯದವರು 1848ರಲ್ಲಿ ಕಟ್ಟಿದ ವಿದ್ಯಾರ್ಥಿ ಸಭೆಯಲ್ಲಿ ಪ್ರಬಂಧ ಓದಿ ಚರ್ಚಿಸಿದವರು ಮರುವರ್ಷವೇ ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆದರು. ಆ ಕೂಟಗಳಲ್ಲಿ ಪಾರಿತೋಷಕ ಇರಲಿಲ್ಲ.

ವರ್ಷಕ್ಕೊಂದೇ ವಿಷಯ

ಪ್ರೌಢಶಾಲೆಯ ಚರ್ಚೆಯನ್ನು ಒಂದು ದೊಡ್ಡ ಉದ್ಯಮದಂತೆ ಬೆಳೆಸಿದ ದೇಶ ಅಮೆರಿಕ. ಅಲ್ಲಿನ ವಿಸ್ಕಾನ್ಸಿನ್ ರಾಜ್ಯದ ರಿಪನ್ ಕಾಲೇಜಿನ ಬ್ರೂನೋ ಜೇಕಬ್ 1925ರಲ್ಲಿ ಪ್ರೌಢಶಾಲಾ ವಾಗ್ಮಿಗಳಿಗಾಗಿ ಒಂದು ರಾಷ್ಟ್ರೀಯ ಸಂಘ ಕಟ್ಟಿದರು. ಅದು ಹೆಸರು ಬದಲಿಸಿಕೊಂಡು ಈಗಲೂ ನಡೆಯುತ್ತಿದೆ. ಅಲ್ಲಿನ ‘ಪಾಲಿಸಿ’ ಚರ್ಚೆಯಲ್ಲಿ ಶಾಲಾವರ್ಷಕ್ಕೆಲ್ಲ ಒಂದೇ ವಿಷಯ, ದೇಶಕ್ಕೆಲ್ಲ ಅದೇ. ಇಬ್ಬರ ತಂಡ, ಇಬ್ಬರೂ ಒಂದೇ ಪಕ್ಷ. ಆದರೆ ಒಂದು ಸುತ್ತಿನಲ್ಲಿ ಪರವಾಗಿ ವಾದಿಸಿದ ತಂಡ ಇನ್ನೊಂದು ಸುತ್ತಿನಲ್ಲಿ ಅದೇ ವಿಷಯಕ್ಕೆ ವಿರೋಧವಾಗಿ ವಾದಿಸಬೇಕು. ಬಾಯಿಪಾಠ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಭಾಷಣಗಳ ನಡುವೆ ಪಾಟೀಸವಾಲು ಇದೆ. ಲ್ಯಾಪ್‌ಟಾಪ್ ಬರುವ ಮುಂಚೆ ಮಕ್ಕಳು ಉಲ್ಲೇಖಗಳನ್ನು ಕತ್ತರಿಸಿ ಅಂಟಿಸಿದ ಕಾಗದಗಳನ್ನು ದೊಡ್ಡ ಡಬ್ಬಗಳಲ್ಲಿ ತುಂಬಿ, ಕೈಗಾಡಿಯಲ್ಲಿ ತಳ್ಳಿಕೊಂಡು ಪಂದ್ಯಗಳಿಗೆ ಬರುತ್ತಿದ್ದರು.

ಅಲ್ಲಿಯೂ ಎಲ್ಲ ನೆಟ್ಟಗಿಲ್ಲ. ಉತ್ತರ ಸಿಗದ ವಾದಕ್ಕೆ ಅಂಕ ಸಿಗುತ್ತದೆ ಎಂಬ ಕಾರಣಕ್ಕೆ ಹೆಚ್ಚು ಹೆಚ್ಚು ವಾದಗಳನ್ನು ತುರುಕುವ ಚಟ ಹತ್ತಿ, ನಿಮಿಷಕ್ಕೆ 300 ಪದಗಳಿಗೂ ಮೀರಿದ ವೇಗದಲ್ಲಿ ಮಾತನಾಡುವ ಶೈಲಿಯೇ ಬೆಳೆಯಿತು. ಪಕ್ಕದಲ್ಲಿ ಕುಳಿತ ಹೆತ್ತವರಿಗೆ ಒಂದಕ್ಷರವೂ ತಿಳಿಯದು. ಒಪ್ಪದ ಪಕ್ಷವನ್ನು ವಾದಿಸಬಹುದೆ ಎಂಬ ಹಳೆಯ ಪ್ರಶ್ನೆ ಅಲ್ಲಿ 1954ರಲ್ಲಿ ದೊಡ್ಡ ವಿವಾದವಾಯಿತು. ಆ ವರ್ಷ ಕಾಲೇಜುಗಳಿಗೆ ಕೊಟ್ಟ ವಿಷಯ ಕಮ್ಯುನಿಸ್ಟ್ ಚೀನಾಕ್ಕೆ ಅಮೆರಿಕ ರಾಜತಾಂತ್ರಿಕ ಮಾನ್ಯತೆ ಕೊಡಬೇಕೆಂಬುದು. ಸೇನಾ ಅಕಾಡೆಮಿಯೂ ನೌಕಾ ಅಕಾಡೆಮಿಯೂ ತಮ್ಮ ವಿದ್ಯಾರ್ಥಿಗಳು ಅದರಲ್ಲಿ ಭಾಗವಹಿಸಕೂಡದೆಂದವು. ನಾಳೆ ದೇಶ ಕಾಯುವವರ ಬಾಯಲ್ಲಿ ಶತ್ರುವಿನ ಪರವಾದ ಮಾತು ಬರುವುದೆ? ಅಮೆರಿಕ ಸರ್ಕಾರವೇ 1979ರಲ್ಲಿ ಆ ಮಾನ್ಯತೆಯನ್ನು ಕೊಟ್ಟಿತು.

ಚರ್ಚೆ ಓದಿಗೆ ಅಡ್ಡಿಯೋ ಸಹಾಯವೋ ಎಂಬ ಪ್ರಶ್ನೆಗೆ ಅಲ್ಲಿ ಒಂದಿಷ್ಟು ಉತ್ತರ ಹುಡುಕಿದ್ದಾರೆ. ಈ ಸ್ಪರ್ಧೆಗಳು ಬಹುಕಾಲ ಸ್ಥಿತಿವಂತರ ಶಾಲೆಗಳ ಸೊತ್ತಾಗಿದ್ದವು. ಅಟ್ಲಾಂಟಾ ನಗರದಲ್ಲಿ 1985ರಲ್ಲಿ ಎಮರಿ ವಿಶ್ವವಿದ್ಯಾಲಯದ ಚರ್ಚಾಕೂಟದ ಮುತುವರ್ಜಿಯಿಂದ ಬಡ ಬಡಾವಣೆಗಳ ಸರ್ಕಾರಿ ಶಾಲೆಗಳಿಗೂ ಚರ್ಚೆಯನ್ನು ಕೊಂಡೊಯ್ಯುವ ಯತ್ನ ಶುರುವಾಗಿ ಬೇರೆ ನಗರಗಳಿಗೂ ಹಬ್ಬಿತು. ಷಿಕಾಗೋದಲ್ಲಿ ಹೀಗೆ ಚರ್ಚೆಗೆ ಸೇರಿದ ಕಪ್ಪು ಹುಡುಗರು ಸೇರದವರಿಗಿಂತ ಹೆಚ್ಚಾಗಿ ಪ್ರೌಢಶಾಲೆ ಮುಗಿಸಿದರೆಂದು 2009ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಮೊದಲೇ ಚೂಟಿಯಾದವರು ಚರ್ಚೆಗೆ ಸೇರಿರಬಹುದಲ್ಲ ಎಂಬ ಅನುಮಾನ ಸಹಜ. ಸಂಶೋಧಕರು ಅದಕ್ಕಾಗಿ ಎಂಟನೆಯ ತರಗತಿಯ ಫಲಿತಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆದರೂ ತಾನಾಗಿ ಸೇರುವ ಹುರುಪನ್ನು ಯಾವ ಅಂಕ ಅಳೆದೀತು?

625ರೊಳಗೆ ಜಾಗ

ಇತ್ತ ನಮ್ಮ ಲೆಕ್ಕ ಬೇರೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ. ತಾಲ್ಲೂಕು ಮಟ್ಟದ ಚರ್ಚೆಯಲ್ಲಿ ಗೆದ್ದ ಪ್ರಮಾಣಪತ್ರಕ್ಕೆ ಅದರಲ್ಲಿ ಜಾಗವಿಲ್ಲ. ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿ ಎನ್‌ಸಿಸಿಗೆ, ಕ್ರೀಡೆಗೆ ವಿಶೇಷ ವರ್ಗವೆಂಬುದಿದೆ, ಮಾತಿಗೆ ಇಲ್ಲ. ಹೀಗಾಗಿ ಎಂಟು, ಒಂಬತ್ತನೆಯ ತರಗತಿಗಳಲ್ಲಿ ಶಾಲೆಗೆ ಪಾರಿತೋಷಕ ತಂದುಕೊಟ್ಟ ಹುಡುಗಿಯನ್ನು ಹತ್ತನೆಯ ತರಗತಿಗೆ ಬಂದ ಕೂಡಲೇ ಪಟ್ಟಿಯಿಂದ ಕೈಬಿಡುವುದು ವಾಡಿಕೆ. ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಭಾನುವಾರ ಸರಣಿ ಪರೀಕ್ಷೆ. ಮನೆಯಲ್ಲಿ ‘ಮಾತಾಡಿ ಏನು ಗಿಟ್ಟುತ್ತೆ, ಗಣಿತ ಮಾಡು’ ಎನ್ನುತ್ತಾರೆ. ಮನೆಯವರನ್ನು ದೂರುವಂತಿಲ್ಲ. ಕೂಲಿ ಮಾಡಿ ಓದಿಸುವ ಮನೆಯಲ್ಲಿ ಒಂದು ಅಂಕದ ಬೆಲೆ ಏನೆಂದು ಪಾರಿತೋಷಕ ಹಂಚುವವರಿಗೆ ಗೊತ್ತಿರಲಾರದು.

ಆದರೆ ಅದೇ ಪರೀಕ್ಷೆಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ‘ಈ ಹೇಳಿಕೆಯನ್ನು ಸಮರ್ಥಿಸಿ’ ಎಂದು ಕೇಳುತ್ತಾರೆ. ಸಮರ್ಥನೆ ಎಂಬುದು ಗೈಡಿನ ನಾಲ್ಕು ಅಂಶಗಳನ್ನು ಕ್ರಮವಾಗಿ ಇಳಿಸುವುದಲ್ಲ, ಒಂದು ಕಾರಣದಿಂದ ಇನ್ನೊಂದಕ್ಕೆ ಹೆಜ್ಜೆ ಇಡುವುದು ಎಂಬುದನ್ನು ತರಗತಿಯಲ್ಲಿ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಎದುರಿಗೆ ಒಬ್ಬ ನಿಂತು ‘ಅದು ಹೆಂಗೆ?’ ಎಂದಾಗ ತಿಳಿಯುತ್ತದೆ. ಹಿಂದಿನ ಬೆಂಚಿನ ತಲೆಹರಟೆಯ ಉಪಯೋಗ ಅಲ್ಲಿದೆ.

ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಕ್ಲಸ್ಟರಿನಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದವರೆಗೆ ಮೆಟ್ಟಿಲು ಹತ್ತುವ ಅದರ ಸ್ಪರ್ಧೆಗಳಲ್ಲಿ ಪ್ರೌಢಶಾಲೆಯವರಿಗೆ ಚರ್ಚೆಯೂ ಒಂದು. ಸರ್ಕಾರಿ ಶಾಲೆಯ ಮಗುವಿಗೆ ಊರಿನಾಚೆಯ ವೇದಿಕೆ ಕಾಣಿಸಿದ್ದು ಇದರ ದೊಡ್ಡ ಉಪಕಾರ. ಖಾಸಗಿ ಇಂಗ್ಲಿಷ್ ಶಾಲೆಗಳ ಮಕ್ಕಳಿಗೆ ವಿಶ್ವಸಂಸ್ಥೆಯ ಅಣಕು ಅಧಿವೇಶನಗಳಿವೆ, ಕೋಟು ಟೈಗಳಿವೆ, ಶುಲ್ಕ ಕಟ್ಟುವ ತಂದೆ ತಾಯಿಗಳಿದ್ದಾರೆ. ಕನ್ನಡದಲ್ಲಿ ವಾದಿಸುವವರಿಗೆ ಇರುವುದು ಈ ಕಾರಂಜಿ, ಗಣೇಶೋತ್ಸವದ ಪೆಂಡಾಲು, ರಾಜ್ಯೋತ್ಸವದ ವೇದಿಕೆ. ಅಷ್ಟರಲ್ಲೇ ಕಲಿಯಬೇಕು.

ಕಲಿಸುವ ದಾರಿ ತುಟ್ಟಿಯದೇನೂ ಅಲ್ಲ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ವಿಶ್ವ ಶಾಲಾ ಚರ್ಚಾ ಚಾಂಪಿಯನ್‌ಷಿಪ್‌ನಲ್ಲಿ ಯಾವ ತಂಡ ಯಾವ ಪಕ್ಷವೆಂಬುದನ್ನು ತಂಡಗಳು ತಾವೇ ಆರಿಸಿಕೊಳ್ಳುವಂತಿಲ್ಲ. ಕೆಲವು ವಿಷಯಗಳನ್ನಂತೂ ಸ್ವಲ್ಪ ಹೊತ್ತು ಮುಂಚೆ ಕೊಟ್ಟು ಸಿದ್ಧರಾಗಿ ಎನ್ನುತ್ತಾರೆ. ಇದನ್ನು ಎಂಟನೆಯ ತರಗತಿಯ ಕೊನೆಯ ಪೀರಿಯಡ್ಡಿನಲ್ಲಿ ಮಾಡಲು ಬೇಕಾದದ್ದು ಒಂದು ಹಾಳೆ, ಒಂದು ಗಡಿಯಾರ. ಹಾಳೆಯನ್ನು ಚೀಟಿಗಳಾಗಿ ಹರಿದು ಅರ್ಧದ ಮೇಲೆ ‘ಪರ’, ಅರ್ಧದ ಮೇಲೆ ‘ವಿರೋಧ’ ಎಂದು ಬರೆಯಬೇಕು. ಎದುರಿನವರು ಹೇಳಿದ್ದನ್ನು ಅವರೇ ‘ಹೌದು, ನಾನು ಹೇಳಿದ್ದು ಇದೇ’ ಎಂದು ಒಪ್ಪುವ ಹಾಗೆ ಒಪ್ಪಿಸಿದ ಮೇಲೆಯೇ ತನ್ನ ಮಾತು. ಮನೆಯಲ್ಲಿ ಆಡುವ ಕನ್ನಡದಲ್ಲೇ ಆಡಬಹುದು.

ವಿಷಯ ಯಾವುದೆಂದು ಮಕ್ಕಳನ್ನೇ ಕೇಳಿದರೆ ಬಹುಶಃ ಹೋಮ್‌ವರ್ಕನ್ನು ರದ್ದು ಮಾಡಬೇಕು ಎಂಬುದೇ ಬರುತ್ತದೆ. ಎಲ್ಲರಿಗೂ ಪರವೇ ಬೇಕು. ಚೀಟಿ ಬಿಚ್ಚಿದಾಗ ‘ವಿರೋಧ’ ಸಿಕ್ಕ ಅರ್ಧ ತರಗತಿಯವರು ಮುಖ ಸಿಂಡರಿಸಿಕೊಂಡು, ಹತ್ತು ನಿಮಿಷದೊಳಗೆ, ಮೇಷ್ಟ್ರು ಯಾಕೆ ಹೋಮ್‌ವರ್ಕ್ ಕೊಡುತ್ತಾರೆ ಎಂದು ಯೋಚಿಸಲು ಶುರುಮಾಡಬೇಕು.